ಹಗ್ಗದ ಮೇಲಿನ ಬಟ್ಟೆ, ಗ್ಯಾಲರಿಯ ಗೋಡೆ

ಪ್ರಶ್ನೆ: ಚಿತ್ರಕಲಾ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಇನ್ನು ಹತ್ತು ವಾರಕ್ಕೆ ನಮ್ಮ ವಿಶ್ವವಿದ್ಯಾಲಯದ ಗ್ಯಾಲರಿಯಲ್ಲಿ ವಿದ್ಯಾರ್ಥಿಗಳ ಪ್ರದರ್ಶನ ಇದೆ. ಹೋದ ವರ್ಷ ಮೂರು ಚಿತ್ರ ಕಳಿಸಿದ್ದೆ, ಒಂದೂ ಆಯ್ಕೆ ಆಗಲಿಲ್ಲ. ಈ ಸಲ ಏನು ಮಾಡಬೇಕು ಅಂತಲೇ ಹೊಳೆಯುತ್ತಿಲ್ಲ. ‘ನಿನ್ನದೇ ಆದ ವಿಷಯ ಹುಡುಕು’ ಅನ್ನುತ್ತಾರೆ ಮೇಷ್ಟ್ರು. ಫೋನಿನಲ್ಲಿ ದಿನಕ್ಕೆ ನೂರು ಚಿತ್ರ ನೋಡುತ್ತೇನೆ, ನೋಡಿದಷ್ಟೂ ಕೈ ಕಟ್ಟಿದಂತಾಗುತ್ತದೆ. ಸ್ಕೆಚ್‌ಬುಕ್ ನಾಲ್ಕು ತುಂಬಿವೆ. ಆದರೆ ಅವುಗಳಲ್ಲಿ ಸುಮ್ನೆ ಮೆಟ್ಟಿಲು, ಕಿಟಕಿ, ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆ, ಇಂಥವೇ ಇವೆ. ಪ್ರದರ್ಶನಕ್ಕೆ ಇಡುವಂಥದ್ದು ಏನೂ ಇಲ್ಲ. ಸ್ಫೂರ್ತಿ ಎಲ್ಲಿಂದ ತರುವುದು? ಆಯ್ಕೆಯಾದರೆ ಗ್ಯಾಲರಿಗೆ ಏನೇನು ತಯಾರಿ ಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಒಂದು ಕಡೆ ಪೆನ್ಸಿಲ್ಲಿನಿಂದ ಗೆರೆ ಎಳೆದೆ. ‘ಸುಮ್ನೆ ಮೆಟ್ಟಿಲು, ಕಿಟಕಿ, ಒಣಗಲು ಹಾಕಿದ ಬಟ್ಟೆ’ ಅಂದಿದ್ದೀರಲ್ಲ, ಅಲ್ಲಿ. ನಾಲ್ಕು ಸ್ಕೆಚ್‌ಬುಕ್ ತುಂಬುವಷ್ಟು ಸಲ ಅವೇ ವಸ್ತುಗಳ ಎದುರು ಹೋಗಿ ಕೂತವರು ವಿಷಯ ಸಿಕ್ಕಿಲ್ಲ ಅಂದರೆ ನಂಬುವುದು ಕಷ್ಟ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು. ಯಾರೂ ಹೇಳದೆ, ಅಂಕದ ಆಸೆಯೂ ಇಲ್ಲದೆ, ನಿಮ್ಮ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತಿದೆ. ಮೇಷ್ಟ್ರು ಹುಡುಕು ಅಂದದ್ದು ಬಹುಶಃ ಇದನ್ನೇ. ನೀವು ಹುಡುಕಲು ಹೊರಗೆ ಹೊರಟಿರಿ, ಅಷ್ಟೆ.

ಸ್ಫೂರ್ತಿ ಅನ್ನುವ ಮಾತು ಸ್ವಲ್ಪ ದಾರಿ ತಪ್ಪಿಸುತ್ತದೆ. ಅದು ಬಂದು ಬಾಗಿಲು ತಟ್ಟಬೇಕು, ಆಮೇಲೆ ಕೆಲಸ ಶುರುವಾಗಬೇಕು ಅನ್ನಿಸುತ್ತದೆ. ಪಾಠ ಮಾಡುತ್ತಾ, ಗ್ಯಾಲರಿ ನೋಡಿಕೊಳ್ಳುತ್ತಾ ನಾನು ಕಂಡದ್ದು ಬೇರೆ. ಮೊದಲು ಕೈ ಓಡುತ್ತದೆ. ಒಂದೇ ವಸ್ತುವನ್ನು ಏಳನೇ ಸಲವೋ ಎಂಟನೇ ಸಲವೋ ಬರೆಯುವಾಗ ಬೇಜಾರು ಬರುತ್ತದೆ. ಹೆಚ್ಚಿನವರು ಅಲ್ಲಿಗೆ ಬಿಟ್ಟು ಹೊಸ ವಿಷಯಕ್ಕೆ ಹೋಗುತ್ತಾರೆ. ಬಿಡದೆ ಕೂತವರಿಗೆ ಒಂಬತ್ತನೇ ಸಲ ಬಟ್ಟೆಯ ನೆರಿಗೆಯ ಬದಲು ಎರಡು ಬಟ್ಟೆಗಳ ನಡುವಿನ ಖಾಲಿ ಜಾಗ ಕಾಣುತ್ತದೆ. ಹಗ್ಗ ಎಷ್ಟು ಜಗ್ಗಿದೆ ಅನ್ನುವುದು ಕಾಣುತ್ತದೆ. ಒದ್ದೆ ಬಟ್ಟೆಗೂ ಒಣಗಿದ ಬಟ್ಟೆಗೂ ಇರುವ ತೂಕದ ವ್ಯತ್ಯಾಸವನ್ನು ಗೆರೆಯಲ್ಲಿ ಹೇಗೆ ತರುವುದು ಅನ್ನುವ ಪ್ರಶ್ನೆ ಏಳುತ್ತದೆ. ಅಂಥ ಪ್ರಶ್ನೆ ಎದ್ದಾಗ ಮಾರನೇ ದಿನ ಯಾರೂ ಕರೆಯದಿದ್ದರೂ ಸ್ಟುಡಿಯೊಗೆ ಹೋಗುತ್ತೀರಿ.

ಇಟಲಿಯ ಜಾರ್ಜಿಯೊ ಮೊರಾಂಡಿಯವರನ್ನು ನೋಡಿ. ಬೊಲೊನ್ಯಾ ನಗರದ ಮನೆಯಲ್ಲಿ ಮಲಗುವ ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡಿದ್ದರು. ಅವೇ ಬಾಟಲಿ, ಡಬ್ಬ, ಹೂಜಿಗಳನ್ನು ಮೇಜಿನ ಮೇಲೆ ಅತ್ತ ಇತ್ತ ಜರುಗಿಸಿ ದಶಕಗಳ ಕಾಲ ಚಿತ್ರ ಮಾಡಿದರು. 1930ರಿಂದ 1956ರವರೆಗೆ ಅಲ್ಲಿನ ಕಲಾ ಅಕಾಡೆಮಿಯಲ್ಲಿ ಎಚ್ಚಿಂಗ್ (ಲೋಹದ ತಗಡಿನಲ್ಲಿ ಗೆರೆ ಮೂಡಿಸಿ ಕಾಗದಕ್ಕೆ ಅಚ್ಚು ತೆಗೆಯುವ ಕಲೆ) ಕಲಿಸಿದ ಮೇಷ್ಟ್ರು ಅವರು. ಬಾಟಲಿಗಳ ಮೇಲೆ ದೂಳು ಕೂತರೆ ಕೂರಲಿ ಅಂತ ಬಿಡುತ್ತಿದ್ದರು. ಒಮ್ಮೆ ನೀವೇ ಪ್ರಯತ್ನಿಸಿ ನೋಡಿ: ದೂಳು ಕೂತಷ್ಟೂ ಗಾಜಿನ ಹೊಳಪು ಸಾಯುತ್ತದೆ, ಆಕಾರ ಮುಂದೆ ಬರುತ್ತದೆ. ಬಾಟಲಿ ಚಿತ್ರಿಸಿದರೆ ಜನ ಏನಂದುಕೊಳ್ಳುತ್ತಾರೋ ಅಂತ ಅವರು ಕೂತಿದ್ದರೆ ಆ ಚಿತ್ರಗಳು ಇರುತ್ತಿರಲಿಲ್ಲ.

ಇನ್ನೊಬ್ಬರು ನಸ್ರೀನ್ ಮೊಹಮದಿ. 1972ರಿಂದ, 1990ರಲ್ಲಿ ತೀರಿಕೊಳ್ಳುವವರೆಗೆ, ಬರೋಡಾದ ಎಂ. ಎಸ್. ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ಪೆನ್ಸಿಲ್, ಶಾಯಿ, ಅಳತೆಯ ಸಲಕರಣೆಗಳಿಂದ ಎಳೆದ ತೆಳು ಗೆರೆಗಳು ಅವರ ಚಿತ್ರಗಳು. ಹೆಸರಿಡುವ ಗೋಜಿಗೂ ಅಷ್ಟಾಗಿ ಹೋಗಲಿಲ್ಲ. ಅದರ ಜೊತೆಗೆ ಫೋಟೋ ತೆಗೆಯುತ್ತಿದ್ದರು: ನೆಲದ ಮೇಲಿನ ಪಟ್ಟೆ, ನೆರಳು, ಮಗ್ಗದ ಎಳೆ, ಕಟ್ಟಡದ ಅಂಚು. ಬದುಕಿದ್ದಾಗ ಆ ಫೋಟೋಗಳನ್ನು ಪ್ರದರ್ಶನಕ್ಕೆ ಇಡಲಿಲ್ಲ. ಈಗ ಅವನ್ನು ಗೆರೆಚಿತ್ರಗಳ ಪಕ್ಕ ಇಟ್ಟರೆ ಅದೇ ಕಣ್ಣು ಎರಡೂ ಕಡೆ ಕೆಲಸ ಮಾಡಿರುವುದು ಕಾಣುತ್ತದೆ. ನಿಮ್ಮ ಸ್ಕೆಚ್‌ಬುಕ್ಕಿನ ಮೆಟ್ಟಿಲು, ಬಟ್ಟೆಗಳು ಹಾಗೇ ಗೋಡೆಗೆ ಹೋಗಬೇಕು ಅಂತೇನಿಲ್ಲ. ಗೋಡೆಗೆ ಹೋಗುವ ಕೆಲಸಕ್ಕೆ ಅವು ಮೇವು ಆದರೆ ಸಾಕು.

ಫೋನಿನ ವಿಷಯ. ನೂರು ಚಿತ್ರ ನೋಡುವುದು ತಪ್ಪಲ್ಲ, ಆದರೆ ಅಲ್ಲಿ ಎಲ್ಲವೂ ಅಂಗೈಯಗಲ. ಮೂರು ಮೀಟರಿನ ಕ್ಯಾನ್ವಾಸೂ ಅಷ್ಟೇ, ಅಂಚೆ ಕಾರ್ಡಿನ ಗಾತ್ರದ ಎಚ್ಚಿಂಗೂ ಅಷ್ಟೇ. ಬಣ್ಣದ ದಪ್ಪ ಗೊತ್ತಾಗುವುದಿಲ್ಲ, ಅಂಚಿನಲ್ಲಿ ಕಲಾವಿದರು ಏನು ಮಾಡಿದ್ದಾರೆ ಅನ್ನುವುದೂ ಕಾಣುವುದಿಲ್ಲ. ನೂರು ಮುಗಿದ ಕೆಲಸ ನೋಡಿದಾಗ ನಿಮ್ಮ ಅರೆಬರೆ ಕೆಲಸ ಸಪ್ಪೆ ಕಾಣುವುದು ಸಹಜ ಅಲ್ವಾ? ಹತ್ತು ವಾರ ಆ ನೂರನ್ನು ಬಿಟ್ಟು ಒಂದೇ ಒಂದು ಚಿತ್ರ ಆರಿಸಿಕೊಳ್ಳಿ. ನಿಜವಾದ ಚಿತ್ರ, ಎದುರು ನಿಲ್ಲಬಹುದಾದದ್ದು. ಅದರ ಮುಂದೆ ಅರ್ಧ ಗಂಟೆ ಕೂತು ಪೆನ್ಸಿಲ್ಲಿನಲ್ಲಿ ನಕಲು ಮಾಡಿ. ಮೊದಲ ಹತ್ತು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಕಲಾವಿದರು ಎಲ್ಲಿ ತಡವರಿಸಿದ್ದಾರೆ, ಎಲ್ಲಿ ಮನಸ್ಸು ಬದಲಿಸಿದ್ದಾರೆ ಅನ್ನುವುದು ಕೈಗೆ ಸಿಗುತ್ತದೆ.

ನಕಲು ಅಂದರೆ ಮುಖ ಸಿಂಡರಿಸಬೇಡಿ. ವ್ಯಾನ್ ಗೋ 1889-90ರಲ್ಲಿ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಫ್ರಾನ್ಸಿನ ಹಿರಿಯ ಚಿತ್ರಕಾರ ಮಿಲೆಯ ಚಿತ್ರಗಳನ್ನು ಕಪ್ಪು ಬಿಳುಪು ಮುದ್ರಣಗಳಿಂದ ನೋಡಿ ಇಪ್ಪತ್ತರ ಸುಮಾರು ಬಣ್ಣದ ಚಿತ್ರ ಮಾಡಿದ. ಆಕಾರ ಮಿಲೆಯದು, ಬಣ್ಣವೆಲ್ಲ ತನ್ನದು. ತೀರ್ಮಾನಿಸುವ ಕೆಲಸ ಅರ್ಧ ಕಡಿಮೆಯಾದಾಗ ಉಳಿದರ್ಧಕ್ಕೆ ಪೂರ್ತಿ ಗಮನ ಸಿಗುತ್ತದೆ. ನಕಲನ್ನು ನಕಲು ಅಂತ ಹೇಳಿ ಇಟ್ಟರೆ ಅದರಲ್ಲಿ ನಾಚಿಕೆಯೂ ಇಲ್ಲ.

ವಿಶ್ವವಿದ್ಯಾಲಯದ ಗ್ಯಾಲರಿಯಿಂದ ವಿದ್ಯಾರ್ಥಿಗಳು ಪಡೆಯದೇ ಬಿಡುವ ಲಾಭ ಒಂದಿದೆ. ಇಂಥ ಗ್ಯಾಲರಿಗಳು ಹುಟ್ಟಿದ್ದೇ ಪಾಠಕ್ಕೆ. ಆಕ್ಸ್‌ಫರ್ಡಿನ ಆಶ್ಮೋಲಿಯನ್ 1683ರಲ್ಲಿ, ಯೇಲ್ ವಿಶ್ವವಿದ್ಯಾಲಯದ ಗ್ಯಾಲರಿ 1832ರಲ್ಲಿ ಶುರುವಾದವು. ಸಂಗ್ರಹ ಇರುವ ಗ್ಯಾಲರಿಗಳಲ್ಲಿ ಗೋಡೆಯ ಮೇಲೆ ಕಾಣುವುದು ಒಂದು ಪಾಲು ಮಾತ್ರ, ಉಳಿದದ್ದು ಡ್ರಾಯರುಗಳಲ್ಲಿ ಮಲಗಿರುತ್ತದೆ. ಎಷ್ಟೋ ಕಡೆ ಮೊದಲೇ ಸಮಯ ಕೇಳಿದರೆ ಮುದ್ರಣಗಳನ್ನೂ ರೇಖಾಚಿತ್ರಗಳನ್ನೂ ಮೇಜಿನ ಮೇಲೆ ತೆಗೆದಿಟ್ಟು ತೋರಿಸುತ್ತಾರೆ. ನಿಮ್ಮಲ್ಲಿ ಸಂಗ್ರಹವೇ ಇಲ್ಲದಿದ್ದರೆ ಹಿಂದಿನ ಪ್ರದರ್ಶನಗಳ ಫೋಟೋ, ಕ್ಯಾಟಲಾಗ್ ಆದರೂ ಇದ್ದೇ ಇರುತ್ತವೆ. ಕೇಳಿ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳದೆ ಪದವಿ ಮುಗಿಸಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಈಗ ಕೆಲಸಕ್ಕೆ ಬರೋಣ. ಈ ವಾರಾಂತ್ಯ ನಾಲ್ಕೂ ಸ್ಕೆಚ್‌ಬುಕ್ಕುಗಳ ಪ್ರತಿ ಪುಟದ ಫೋಟೋ ತೆಗೆದು, ಚಿಕ್ಕದಾಗಿ ಪ್ರಿಂಟ್ ಹಾಕಿಸಿ, ನೆಲದ ಮೇಲೆ ಹರಡಿ. ಚೆನ್ನಾಗಿರುವುದನ್ನು ಆರಿಸಬೇಡಿ. ಮತ್ತೆ ಮತ್ತೆ ಬಂದಿರುವುದನ್ನು ಗುಂಪು ಮಾಡಿ. ದೊಡ್ಡ ಗುಂಪು ಯಾವುದು? ಬಟ್ಟೆಯೇ? ಅಥವಾ ಬಟ್ಟೆ, ಮೆಟ್ಟಿಲು, ಕಿಟಕಿ ಮೂರರಲ್ಲೂ ಇರುವ ಅಡ್ಡಗೆರೆಯೇ? ನನ್ನ ಊಹೆ ಎರಡನೆಯದು, ಆದರೆ ನಿಮ್ಮ ಪುಟಗಳನ್ನು ನಾನು ನೋಡಿಲ್ಲ. ಆಮೇಲೆ ಚಿತ್ರಕಲೆ ಓದದ ಯಾರನ್ನಾದರೂ ಕರೆದು ‘ಇವೆಲ್ಲ ಏನು?’ ಅಂತ ಮಾತ್ರ ಕೇಳಿ. ನೀವು ವಿವರಿಸಬೇಡಿ. ಬಾಯಿ ಮುಚ್ಚಿಕೊಂಡಿರುವುದು ಇಲ್ಲಿ ಕಷ್ಟದ ಭಾಗ.

ನಂತರ ಮೂರು ವಿಷಯ ಕಟ್ಟಿಹಾಕಿ: ಒಂದೇ ಅಳತೆ, ಒಂದೇ ಮಾಧ್ಯಮ, ಒಂದೇ ವಸ್ತು. ಉದಾಹರಣೆಗೆ 40 ಸೆಂ.ಮೀ. ಚೌಕದ ಕಾಗದ, ಇದ್ದಿಲು, ಹಗ್ಗದ ಮೇಲಿನ ಬಟ್ಟೆ. ಇಪ್ಪತ್ತು ಹಾಳೆ ಮಾಡಿ. ಜೋಸೆಫ್ ಆಲ್ಬರ್ಸ್ 1950ರಲ್ಲಿ ಚೌಕದೊಳಗೆ ಚೌಕ ಇಡುವ ಸರಣಿ ಶುರು ಮಾಡಿದರು. 1976ರಲ್ಲಿ ಸಾಯುವವರೆಗೆ ಅದನ್ನೇ ಮಾಡಿದರು, ಸಾವಿರಕ್ಕೂ ಹೆಚ್ಚು. ಆಕಾರವನ್ನು ಕಟ್ಟಿಹಾಕಿದ್ದರಿಂದಲೇ ಒಂದು ಬಣ್ಣದ ಪಕ್ಕ ಇನ್ನೊಂದು ಇಟ್ಟಾಗ ಏನಾಗುತ್ತದೆ ಅನ್ನುವುದನ್ನು ಅವರು ಅಷ್ಟು ಹತ್ತಿರದಿಂದ ನೋಡಲು ಆಯಿತು. ನಿಮಗೆ ಇಪ್ಪತ್ತು ಸಾಕು. ಅದರಲ್ಲಿ ಹದಿನೈದು ಕೆಟ್ಟರೂ ಪರವಾಗಿಲ್ಲ, ಆ ಲೆಕ್ಕದಲ್ಲೇ ಇಪ್ಪತ್ತು ಅಂದದ್ದು.

ನಡುವೆ ಒಂದು ಎಚ್ಚರಿಕೆ. ಗ್ಯಾಲರಿಯೊಳಗೇ ಹಗ್ಗ ಕಟ್ಟಿ ನಿಜವಾದ ಬಟ್ಟೆ ನೇತುಹಾಕಿ ಇನ್‌ಸ್ಟಲೇಷನ್ ಮಾಡೋಣ ಅಂತ ನಿಮಗೆ ಖಂಡಿತ ಹೊಳೆಯುತ್ತದೆ. ಇದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಮಾಡಬಾರದು ಅಂತಲ್ಲ. ಇಪ್ಪತ್ತು ಹಾಳೆ ಮುಗಿದ ಮೇಲೂ ಅದೇ ಬೇಕು ಅನ್ನಿಸಿದರೆ ಮಾಡಿ. ಆಗ ಹಗ್ಗ ಎಷ್ಟು ಎತ್ತರ, ಬಟ್ಟೆ ಎಷ್ಟು ಒದ್ದೆ, ಜನ ಅದರ ಕೆಳಗೆ ಬಗ್ಗಿ ಹೋಗಬೇಕೋ ಬೇಡವೋ ಅನ್ನುವ ಪ್ರಶ್ನೆಗಳಿಗೆ ನಿಮ್ಮ ಹತ್ತಿರ ಉತ್ತರ ಇರುತ್ತದೆ. ಬೆಂಕಿ ಸುರಕ್ಷತೆಯ ನಿಯಮ, ಹೊರಹೋಗುವ ದಾರಿ, ಸೀಲಿಂಗಿನ ತೂಕ, ಇವನ್ನೆಲ್ಲ ಗ್ಯಾಲರಿಯವರ ಹತ್ತಿರ ಮೊದಲೇ ಕೇಳಬೇಕು.

ಇನ್ನು ಗೋಡೆ. ಕೆಲಸ ಮುಗಿದ ಮೇಲೆ ಗೋಡೆ ನೋಡುವುದು ರೂಢಿ. ನಾನು ಹೇಳುವುದು ಉಲ್ಟಾ: ನಾಳೆಯೇ ಹೋಗಿ ನೋಡಿ. ಟೇಪು ಹಿಡಿದು ಉದ್ದ ಎತ್ತರ ಅಳೆಯಿರಿ. ಸ್ವಿಚ್ಚು, ಬೆಂಕಿ ಆರಿಸುವ ಸಿಲಿಂಡರ್, ಎ.ಸಿ. ಕಿಂಡಿ ಎಲ್ಲಿವೆ ಅಂತ ಬರೆದುಕೊಳ್ಳಿ. ಗೋಡೆ ಕಾಂಕ್ರೀಟೋ, ಪ್ಲೈವುಡ್ಡೋ, ಜಿಪ್ಸಮ್ಮೋ ಕೇಳಿ, ಯಾಕೆಂದರೆ ಮೊಳೆ, ಸ್ಕ್ರೂ ಎಲ್ಲ ಅದರ ಮೇಲೆ ನಿಂತಿದೆ. ಮನೆಗೆ ಬಂದು ರಟ್ಟಿನಲ್ಲಿ ಆ ಕೋಣೆಯನ್ನು ಇಪ್ಪತ್ತರಲ್ಲೊಂದು ಅಳತೆಗೆ ಮಾಡಿ. ನಾಲ್ಕು ಮೀಟರಿನ ಗೋಡೆ 20 ಸೆಂ.ಮೀ. ಆಗುತ್ತದೆ, ನಿಮ್ಮ 40 ಸೆಂ.ಮೀ. ಹಾಳೆ 2 ಸೆಂ.ಮೀ. ಕಾಗದದ ಚೂರಾಗುತ್ತದೆ. ಸ್ಟುಡಿಯೊದಲ್ಲಿ ದೊಡ್ಡದು ಅನ್ನಿಸಿದ್ದ ಚಿತ್ರ ಅಲ್ಲಿ ಎಷ್ಟು ಸಣ್ಣದು ಅಂತ ನೋಡಿ ಗಾಬರಿಯಾಗುತ್ತದೆ. ಆ ಗಾಬರಿ ಹತ್ತನೇ ವಾರದಲ್ಲಿ ಆಗುವುದಕ್ಕಿಂತ ಎರಡನೇ ವಾರದಲ್ಲಿ ಆಗಲಿ. ಅದನ್ನು ನೋಡಿ ಒಂದು ಹಾಳೆಯನ್ನು ದೊಡ್ಡದು ಮಾಡಬೇಕು ಅನ್ನಿಸಬಹುದು, ಒಂಬತ್ತನ್ನು ಜಾಲರಿಯ ಹಾಗೆ ಒತ್ತಾಗಿ ಕೂರಿಸಬೇಕು ಅನ್ನಿಸಬಹುದು. ಆಗ ಗೋಡೆಯೂ ನಿಮ್ಮ ಚಿತ್ರದೊಳಗೆ ಬಂತು.

ಎಷ್ಟು ಕಳಿಸಬೇಕು? ಕಡಿಮೆ. ಐದು ಒಳ್ಳೆಯದರ ಜೊತೆ ಎರಡು ಪರವಾಗಿಲ್ಲ ಅನ್ನುವಂಥವು ಸೇರಿದರೆ ನೋಡುವವರ ಕಣ್ಣು ಆ ಎರಡರ ಮೇಲೇ ಕೂರುತ್ತದೆ. ಕಷ್ಟಪಟ್ಟು ಮಾಡಿದ್ದು ಅನ್ನುವ ಕಾರಣಕ್ಕೆ ಯಾವುದನ್ನೂ ಇಡಬೇಡಿ. ಮೂರು ವಾರ ಹಿಡಿದದ್ದನ್ನು ಬಿಟ್ಟು ಒಂದು ಮಧ್ಯಾಹ್ನ ಆದದ್ದನ್ನು ಆರಿಸಬೇಕಾಗಿ ಬರಬಹುದು. ಆಯ್ಕೆ ಮಾಡುವಾಗ ಚಿತ್ರಗಳನ್ನು ನಾಲ್ಕು ದಿನ ಗೋಡೆಯ ಕಡೆ ಮುಖ ಮಾಡಿ ಇಟ್ಟು, ಆಮೇಲೆ ಒಟ್ಟಿಗೆ ತಿರುಗಿಸಿ. ಯಾವುದು ಮರೆತೇ ಹೋಗಿತ್ತೋ ಅದನ್ನು ತೆಗೆಯಿರಿ.

ಹೋದ ವರ್ಷದ ನಿರಾಸೆಗೆ ಬರುತ್ತೇನೆ. ಆಯ್ಕೆ ಸಮಿತಿಗಳಲ್ಲಿ ನಾನು ಕೂತಿದ್ದೇನೆ. ಅಲ್ಲಿ ಮೊದಲ ಸುತ್ತಿನಲ್ಲಿ ಚಿತ್ರ ನೋಡುವುದಿಲ್ಲ, ಚಿತ್ರದ ಫೋಟೋ ನೋಡುತ್ತೇವೆ. ಟ್ಯೂಬ್‌ಲೈಟಿನ ಹಸಿರು ಛಾಯೆ, ಗಾಜಿನಲ್ಲಿ ಕಾಣುವ ಫೋನು ಹಿಡಿದ ಕೈ, ಓರೆಯಾದ ಅಂಚು, ಮೂಲೆಯಲ್ಲಿ ಚಪ್ಪಲಿ, ಎಲ್ಲವನ್ನೂ ಕಂಡಿದ್ದೇನೆ. ಅಂಥ ಫೋಟೋದೊಳಗಿಂದ ಒಳ್ಳೆಯ ಚಿತ್ರವನ್ನು ಊಹಿಸಿಕೊಳ್ಳುವ ವ್ಯವಧಾನ ಇನ್ನೂರನೇ ಅರ್ಜಿ ಹೊತ್ತಿಗೆ ಯಾರಿಗೂ ಇರುವುದಿಲ್ಲ. ಹಗಲಲ್ಲಿ, ಬಿಸಿಲು ನೇರ ಬೀಳದ ನೆರಳಿನಲ್ಲಿ, ಗಾಜು ಹಾಕುವ ಮುಂಚೆ ತೆಗೆಯಿರಿ. ಕ್ಯಾಮೆರಾ ಚಿತ್ರದ ನಡುಮಧ್ಯಕ್ಕೆ ಸಮನಾಗಿರಲಿ. ಸ್ವಲ್ಪ ಹಿಂದೆ ಸರಿದು ಜೂಮ್ ಮಾಡಿ, ತೀರ ಹತ್ತಿರ ನಿಂತರೆ ಅಂಚುಗಳು ಉಬ್ಬುತ್ತವೆ. ಫ್ಲ್ಯಾಶ್ ಬೇಡ. ಅಳತೆ, ಮಾಧ್ಯಮ, ವರ್ಷ ತಪ್ಪದೆ ಬರೆಯಿರಿ. ಗಾತ್ರ ಗೊತ್ತಿಲ್ಲದ ಚಿತ್ರಕ್ಕೆ ಗೋಡೆಯಲ್ಲಿ ಜಾಗ ಹಂಚುವುದು ಹೇಗೆ? ಇನ್ನೊಂದು ಮಾತು: ಹೋದ ವರ್ಷ ಕಳಿಸಿದ ಮೂರೂ ಬೇರೆ ಬೇರೆ ಥರ ಇದ್ದವೇ? ಒಂದು ಭಾವಚಿತ್ರ, ಒಂದು ನಿಸರ್ಗ, ಒಂದು ಅಮೂರ್ತ? ಹಾಗಿದ್ದರೆ ಎಲ್ಲ ಬರುತ್ತದೆ ಅಂತ ತೋರಿಸಲು ಹೋಗಿ ಯಾರು ಅನ್ನುವುದೇ ಕಾಣದ ಹಾಗಾಗಿರುತ್ತದೆ.

ತಿರಸ್ಕಾರದ ಬಗ್ಗೆ ಒಂದು ಹಳೇ ಕತೆ ಎಲ್ಲರೂ ಹೇಳುತ್ತಾರೆ. 1863ರಲ್ಲಿ ಪ್ಯಾರಿಸ್ಸಿನ ಸಲೋನ್ ಪ್ರದರ್ಶನಕ್ಕೆ ಬಂದ ಕೆಲಸಗಳಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ತೀರ್ಪುಗಾರರು ತಳ್ಳಿಹಾಕಿದರು. ಗಲಾಟೆಯಾಗಿ, ಚಕ್ರವರ್ತಿ ಮೂರನೇ ನೆಪೋಲಿಯನ್ ತಿರಸ್ಕೃತರಿಗೇ ಬೇರೆ ಪ್ರದರ್ಶನ ಮಾಡಿಸಿದ. ಮುಂದೆ ದೊಡ್ಡ ಹೆಸರಾದ ಎಡ್ವರ್ಡ್ ಮಾನೆಯ ಚಿತ್ರ ಇದ್ದದ್ದು ಅಲ್ಲಿ. ಕೇಳಲು ಹಿತವಾಗಿದೆ, ಆದರೆ ಅಲ್ಲಿದ್ದ ಉಳಿದವರಲ್ಲಿ ಬಹುಪಾಲು ಜನರ ಹೆಸರು ನಮಗೆ ಗೊತ್ತಿಲ್ಲ. ನನಗೆ ಇದಕ್ಕಿಂತ ಉಪಯುಕ್ತ ಅನ್ನಿಸುವುದು 1988ರ ‘ಫ್ರೀಜ್’. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನಲ್ಲಿ ಓದುತ್ತಿದ್ದ ಡೇಮಿಯನ್ ಹರ್ಸ್ಟ್ ಮತ್ತು ಜೊತೆಯವರು ಬಂದರು ಪ್ರದೇಶದ ಖಾಲಿ ಕಟ್ಟಡವೊಂದನ್ನು ಪಡೆದು ತಾವೇ ಪ್ರದರ್ಶನ ಮಾಡಿದರು. ಕ್ಯಾಟಲಾಗನ್ನೂ ಅಚ್ಚುಕಟ್ಟಾಗಿ ಮುದ್ರಿಸಿದರು. ಹರ್ಸ್ಟನ ಕೆಲಸ ನಿಮಗೆ ಇಷ್ಟವಾಗಲಿ ಬಿಡಲಿ (ನನಗೆ ಅಷ್ಟಕ್ಕಷ್ಟೆ), ವಿದ್ಯಾರ್ಥಿಗಳ ಪ್ರದರ್ಶನ ಅಂದರೆ ಅರೆಮನಸ್ಸಿನ ಕೆಲಸ ಅನ್ನುವ ಭಾವನೆಯನ್ನು ಅವರು ಒಡೆದರು. ಈ ಸಲವೂ ಆಯ್ಕೆಯಾಗದಿದ್ದರೆ ಕಾರಿಡಾರ್, ಗ್ರಂಥಾಲಯದ ಮೂಲೆ, ಖಾಲಿ ತರಗತಿ ಇವೆ. ಅನುಮತಿ ಮಾತ್ರ ಬರಹದಲ್ಲಿ ತೆಗೆದುಕೊಳ್ಳಿ.

ಫ್ರೇಮಿನ ವಿಷಯ. ಇದ್ದಿಲಿನ ಚಿತ್ರಕ್ಕೆ ಅಕ್ರಿಲಿಕ್ ಹಾಳೆ ಹಾಕಿಸಬೇಡಿ. ಒರೆಸಿದಾಗ ಅದರಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಕಾಗದದ ಮೇಲಿನ ಪುಡಿಯನ್ನು ಎಳೆದುಕೊಳ್ಳುತ್ತದೆ. ಗಾಜೇ ಇರಲಿ. ಚಿತ್ರ ಗಾಜಿಗೆ ತಾಗದ ಹಾಗೆ ನಡುವೆ ಮೌಂಟ್, ಅಂದರೆ ಚಿತ್ರದ ಸುತ್ತ ಕೂರುವ ರಟ್ಟಿನ ಅಂಚು, ಬೇಕು. ಮೌಂಟ್ ಆಮ್ಲರಹಿತ ರಟ್ಟಿನದಾಗಿರಲಿ, ಇಲ್ಲದಿದ್ದರೆ ವರ್ಷಗಳಲ್ಲಿ ಕಾಗದದ ಸುತ್ತ ಕಂದು ಗೆರೆ ಬೀಳುತ್ತದೆ. ಸೆಲ್ಲೋ ಟೇಪು, ಮಾಸ್ಕಿಂಗ್ ಟೇಪು ಚಿತ್ರಕ್ಕೆ ಅಂಟಿಸಲೇಬೇಡಿ. ಮೂಲೆಗಳಿಗೆ ಕಾಗದದ ಜೇಬು ಮಾಡಿ ಕೂರಿಸಿದರೆ ಸಾಕು. ಫ್ರೇಮ್ ಬೇಡವೇ ಬೇಡ ಅನ್ನಿಸಿದರೆ ಅಗಲ ತಲೆಯ ಕಬ್ಬಿಣದ ಮೊಳೆ ಹೊಡೆದು, ಅದರ ಮೇಲೆ ಹಾಳೆ ಇಟ್ಟು, ಮುಂದಿನಿಂದ ಪುಟ್ಟ ಅಯಸ್ಕಾಂತ ಕೂರಿಸಬಹುದು. ನಿಮ್ಮ ವಸ್ತುವಿಗೆ ಅದು ಒಪ್ಪುತ್ತದೆ ಕೂಡ, ಹಾಳೆ ಗಾಳಿಗೆ ಸ್ವಲ್ಪ ಅಲುಗುತ್ತದೆ. ಕ್ಯಾನ್ವಾಸ್ ಮಾಡುವ ಸ್ನೇಹಿತರಿಗೆ ಹೇಳಿ: ಅಕ್ರಿಲಿಕ್ ಬಣ್ಣದ ಮೇಲೆ ಗುಳ್ಳೆ ಪ್ಲಾಸ್ಟಿಕ್ ನೇರವಾಗಿ ಸುತ್ತಿದರೆ ಗುಳ್ಳೆಯ ಗುರುತು ಉಳಿದುಬಿಡುತ್ತದೆ. ದಪ್ಪ ಎಣ್ಣೆಬಣ್ಣ ಒಳಗೆ ಒಣಗಲು ಆರು ತಿಂಗಳು, ಒಮ್ಮೊಮ್ಮೆ ವರ್ಷವೂ ಬೇಕು. ಇನ್ನು ಹತ್ತೇ ವಾರಕ್ಕೆ ಇರುವ ಪ್ರದರ್ಶನಕ್ಕೆ ಅದನ್ನು ಶುರು ಮಾಡುವುದು ಜಾಣತನ ಅಲ್ಲ.

ನನ್ನದೇ ಒಂದು ಅವಘಡ. ವಿದ್ಯಾರ್ಥಿಯಾಗಿದ್ದಾಗ ದೊಡ್ಡ ಗಾಜಿನ ಫ್ರೇಮನ್ನು ಒಂದೇ ಮೊಳೆಗೆ, ದಾರ ಕಟ್ಟಿ ತೂಗಿಸಿದ್ದೆ. ಉದ್ಘಾಟನೆಯ ಹಿಂದಿನ ರಾತ್ರಿ ದಾರ ಜಾರಿತು. ಬೆಳಗ್ಗೆ ಹೋದರೆ ಗಾಜು ಚೂರು, ಅದು ಸಾಲದು ಅಂತ ಕೆಳಗೆ ಗೋಡೆಗೆ ಒರಗಿಸಿಟ್ಟಿದ್ದ ಸಹಪಾಠಿಯ ಚಿತ್ರದ ಮೇಲೆ ಉದ್ದನೆಯ ಗೀರು. ಅವರು ನನ್ನ ಹತ್ತಿರ ಮಾತು ಬಿಟ್ಟದ್ದು ಎರಡು ತಿಂಗಳು. ಆವತ್ತಿನಿಂದ ಎರಡು ಕೊಕ್ಕೆ, ಎರಡು ಸ್ಕ್ರೂ, ಫ್ರೇಮಿನ ಎರಡೂ ಬದಿ ಲೋಹದ ರಿಂಗು, ನಡುವೆ ತಂತಿ. ಎರಡು ಕಡೆ ತೂಗಿದರೆ ಚಿತ್ರ ಓರೆಯಾಗುವುದೂ ಕಡಿಮೆ.

ಎತ್ತರಕ್ಕೆ ಗ್ಯಾಲರಿಗಳಲ್ಲಿ ಬಳಕೆಯಲ್ಲಿರುವ ಲೆಕ್ಕ: ಚಿತ್ರದ ನಡುಭಾಗ ನೆಲದಿಂದ 145ರಿಂದ 152 ಸೆಂ.ಮೀ. ಒಂದು ಸಂಖ್ಯೆ ಹಿಡಿದು ಇಡೀ ಗೋಡೆಗೆ ಅದನ್ನೇ ಪಾಲಿಸಿ. ಮೊಳೆ ಎಲ್ಲಿ ಹೊಡೆಯಬೇಕು ಅಂತ ಕಂಡುಹಿಡಿಯಲು ಆ ಸಂಖ್ಯೆಗೆ ಫ್ರೇಮಿನ ಎತ್ತರದ ಅರ್ಧ ಕೂಡಿಸಿ, ತಂತಿಯನ್ನು ಬಿಗಿಯಾಗಿ ಮೇಲಕ್ಕೆ ಎಳೆದಾಗ ಅದಕ್ಕೂ ಫ್ರೇಮಿನ ಮೇಲಂಚಿಗೂ ಇರುವ ದೂರ ಕಳೆಯಿರಿ. 60 ಸೆಂ.ಮೀ. ಎತ್ತರದ ಫ್ರೇಮು, ತಂತಿ 8 ಸೆಂ.ಮೀ. ಕೆಳಗೆ ಇದ್ದರೆ, 145 ಕೂಡಿಸು 30 ಕಳೆ 8, ಅಂದರೆ 167. ಅಲ್ಲಿ ಗುರುತು. ಮೊಳೆ ಹೊಡೆಯುವ ಮುಂಚೆ ಅದೇ ಅಳತೆಯ ಸುದ್ದಿಪತ್ರಿಕೆ ಹಾಳೆ ಅಂಟಿಸಿ ದೂರದಿಂದ ನೋಡಿ. ಈ ನಿಯಮ ಮುರಿಯಬಹುದೇ? ಕಾರಣ ಇದ್ದರೆ ಖಂಡಿತ. ಅಮೆರಿಕದ ಚಿತ್ರಕಾರ ಮಾರ್ಕ್ ರೋತ್ಕೊ ತನ್ನ ದೊಡ್ಡ ಚಿತ್ರಗಳನ್ನು ನೆಲಕ್ಕೆ ತೀರ ಹತ್ತಿರ ತೂಗಿಸಿ ಅನ್ನುತ್ತಿದ್ದ, ನೋಡುವವರು ಬಣ್ಣದೊಳಗೆ ನಿಂತ ಹಾಗಿರಲಿ ಅಂತ. ನಿಮ್ಮ ಬಟ್ಟೆಗಳನ್ನು ಕತ್ತೆತ್ತಿ ನೋಡುವ ಎತ್ತರದಲ್ಲಿಟ್ಟರೆ ಏನಾಗುತ್ತದೆ? ರಟ್ಟಿನ ಕೋಣೆಯಲ್ಲಿ ಮಾಡಿ ನೋಡಿ.

ಬೆಳಕು ಸಾಮಾನ್ಯವಾಗಿ ನಿಮ್ಮ ಕೈಯಲ್ಲಿರುವುದಿಲ್ಲ, ಆದರೂ ಕೇಳಿ. ದೀಪ ಲಂಬದಿಂದ ಸುಮಾರು 30 ಡಿಗ್ರಿ ಓರೆಯಲ್ಲಿ ಬಿದ್ದರೆ ಗಾಜಿನ ಹೊಳಪೂ ಫ್ರೇಮಿನ ನೆರಳೂ ಕಡಿಮೆ. ಮ್ಯೂಸಿಯಂಗಳು ಕಾಗದದ ಕೆಲಸಕ್ಕೆ 50 ಲಕ್ಸ್, ಎಣ್ಣೆಬಣ್ಣಕ್ಕೆ 200 ಲಕ್ಸ್‌ನಷ್ಟು ಬೆಳಕು ಇಡುತ್ತವೆ. ಎರಡು ವಾರದ ಪ್ರದರ್ಶನದಲ್ಲಿ ಇದ್ದಿಲಿಗೆ ಏನೂ ಆಗುವುದಿಲ್ಲ. ಜಲವರ್ಣ, ಬಣ್ಣದ ಮಾರ್ಕರ್ ಇದ್ದರೆ ಕಿಟಕಿಯ ಎದುರಿನ ಗೋಡೆ ಬೇಡ ಅನ್ನಿ.

ಲೇಬಲ್ಲಿನಲ್ಲಿ ಹೆಸರು, ಶೀರ್ಷಿಕೆ, ವರ್ಷ, ಮಾಧ್ಯಮ, ಅಳತೆ. ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ. ಅದೇ ವಿವರ ಚಿತ್ರದ ಹಿಂದೆಯೂ ಇರಲಿ. ಆಲ್ಬರ್ಸ್ ತಾವು ಬಳಸಿದ ಬಣ್ಣಗಳ ಹೆಸರು, ತಯಾರಕರ ಹೆಸರು ಸಮೇತ ಫಲಕದ ಹಿಂದೆ ಬರೆಯುತ್ತಿದ್ದರು. ಸ್ಟೇಟ್‌ಮೆಂಟ್, ಅಂದರೆ ನಿಮ್ಮ ಕೆಲಸದ ಬಗ್ಗೆ ನೀವೇ ಬರೆಯುವ ಟಿಪ್ಪಣಿ, ಅದನ್ನು ಈಗಲೇ ಬರೆಯಲು ಕೂರಬೇಡಿ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದ ಹಾಗಾಗುತ್ತದೆ. ಎಂಟನೇ ವಾರಕ್ಕೆ ಬರೆಯಿರಿ, ನೂರು ಪದ ಸಾಕು. ‘ಅಸ್ತಿತ್ವದ ನಶ್ವರತೆಯ ಶೋಧ’ ಅಂತ ಶುರು ಮಾಡಿದರೆ ನಾನು ಎರಡನೇ ಸಾಲು ಓದುವುದಿಲ್ಲ. ‘ನಾನಿರುವ ಕೋಣೆಯ ಕಿಟಕಿಯಿಂದ ಆರು ಹಗ್ಗಗಳು ಕಾಣುತ್ತವೆ’ ಅಂತ ಶುರು ಮಾಡಿದರೆ ಮುಗಿಸುತ್ತೇನೆ. ಏನು ನೋಡಿದಿರಿ, ಯಾವುದರಿಂದ ಮಾಡಿದಿರಿ, ಮಾಡುವಾಗ ಏನು ಬದಲಾಯಿತು, ಇಷ್ಟು ಹೇಳಿ. ಅರ್ಥ ಹೇಳುವ ಕೆಲಸ ನೋಡುವವರಿಗೆ ಬಿಡಿ.

ಉದ್ಘಾಟನೆಯ ದಿನ ನಿಮ್ಮ ಚಿತ್ರದ ಪಕ್ಕವೇ ಕಾವಲಿಗೆ ನಿಲ್ಲಬೇಡಿ. ಜನ ಮುಜುಗರಪಟ್ಟು ‘ಚೆನ್ನಾಗಿದೆ’ ಅಂದು ಹೋಗುತ್ತಾರೆ. ಕೋಣೆಯ ಆಚೆ ತುದಿಯಲ್ಲಿ ನಿಂತು ಅವರ ಕಾಲು ನೋಡಿ: ಎಲ್ಲಿ ನಿಧಾನವಾಗುತ್ತದೆ, ಎಲ್ಲಿ ಹಿಂದಕ್ಕೆ ಬರುತ್ತದೆ. ವಿಶ್ವವಿದ್ಯಾಲಯದ ಗ್ಯಾಲರಿಗೆ ರಸಾಯನಶಾಸ್ತ್ರದವರು, ಲೆಕ್ಕದವರು, ಮಳೆಗೆ ಒಳಗೆ ಬಂದವರು, ಎಲ್ಲ ಬರುತ್ತಾರೆ. ಅವರಿಗೆ ನಿಮ್ಮನ್ನು ಹೊಗಳುವ ಹಂಗಿಲ್ಲ. ಎಲ್ಲರಿಗಿಂತ ಜಾಸ್ತಿ ಹೊತ್ತು ಚಿತ್ರ ನೋಡುವವರು ಅಲ್ಲಿನ ಕಾವಲುಗಾರರು. ಒಂದು ವಾರ ಕಳೆದ ಮೇಲೆ ಅವರ ಹತ್ತಿರ ಹೋಗಿ ಜನ ಏನು ಮಾತಾಡಿಕೊಂಡರು ಅಂತ ಕೇಳಿ. ನನಗೆ ಸಿಕ್ಕ ಅತ್ಯಂತ ನೇರ ವಿಮರ್ಶೆ ಒಬ್ಬ ಕಾವಲುಗಾರರದ್ದು: ‘ಎಡಗಡೆಯದು ಸಂಜೆ ಹೊತ್ತು ಚೆನ್ನಾಗಿರುತ್ತೆ ಮೇಡಂ, ಬೆಳಗ್ಗೆ ಏನೂ ಕಾಣಲ್ಲ.’ ಹೋಗಿ ನೋಡಿದರೆ ನಿಜ. ನಾನು ಅದನ್ನು ಮಾಡಿದ್ದೆಲ್ಲ ಸಂಜೆ ಹೊತ್ತಿನಲ್ಲೇ.

ಇಳಿಸುವ ಮುಂಚೆ ಇಡೀ ಗೋಡೆಯ ಫೋಟೋ ತೆಗೆಯಿರಿ, ಒಂದರಲ್ಲಿ ಯಾರಾದರೂ ನಿಂತಿರಲಿ, ಗಾತ್ರ ಗೊತ್ತಾಗುತ್ತದೆ. ಮುಂದಿನ ಅರ್ಜಿಗಳಿಗೆ ಬೇಕಾಗುವುದು ಅದೇ ಫೋಟೋ. ಸ್ಕ್ರೂ ತೆಗೆದು ತೂತುಗಳಿಗೆ ಪುಟ್ಟಿ ಹಚ್ಚಿ, ಒಣಗಿದ ಮೇಲೆ ಉಜ್ಜಿ, ಬಿಳಿ ಬಣ್ಣ ಬಳಿದು ಗೋಡೆ ಒಪ್ಪಿಸಿ. ಸಮಯ ಸಿಕ್ಕರೆ ಆ ಇಪ್ಪತ್ತು ಹಾಳೆಗಳ ಫೋಟೋ ನನಗೂ ಕಳಿಸಿ. ಕೆಟ್ಟ ಹದಿನೈದರದ್ದೂ ಇರಲಿ.